ಓಟಗಾರರಿಗೆ ಯಾವ ಟೆಸ್ಟ್? ಟ್ರ್ಯಾಕ್, ಲ್ಯಾಬ್, ವಾಚ್, ಮೊಬೈಲ್ ವಿಡಿಯೊ

ಜನವರಿ ಬಂತೆಂದರೆ ಬೆಂಗಳೂರಿನ ಓಟಗಾರರ ವಾಟ್ಸಾಪ್ ಗುಂಪುಗಳಲ್ಲಿ ಈ ಪ್ರಶ್ನೆ ಶುರುವಾಗುತ್ತದೆ. ಏಪ್ರಿಲ್ ಕೊನೆಯ ಟೆನ್‌ಕೆಗೆ, ಅಂದರೆ 10 ಕಿ.ಮೀ. ಓಟಕ್ಕೆ ತಯಾರಿ ಮಾಡಬೇಕು, ಮೊದಲು ಒಂದು ಫಿಟ್‌ನೆಸ್ ಟೆಸ್ಟ್ ಮಾಡಿಸಬೇಕಾ? ಮಾಡಿಸುವುದಾದರೆ ಯಾವುದು? ಲ್ಯಾಬ್‌ಗೆ ಹೋಗಿ ಮುಖಕ್ಕೆ ಮಾಸ್ಕ್ ಹಾಕಿಸಿಕೊಂಡು ಓಡಬೇಕಾ, ಕಂಠೀರವದ ಟ್ರ್ಯಾಕ್‌ನಲ್ಲಿ 12 ನಿಮಿಷ ಓಡಿದರೆ ಸಾಕಾ, ಕೈಯಲ್ಲಿರುವ ವಾಚ್ ತೋರಿಸುವ ಅಂಕಿ ನಂಬಬಹುದಾ?

ಟೆಸ್ಟ್ ಖಂಡಿತ ಮಾಡಿ. ಆದರೆ ಆರಿಸುವ ಮೊದಲು ಒಂದು ವಿಷಯ ಯೋಚಿಸಿ. ಈ ಟೆಸ್ಟಿನ ಫಲಿತಾಂಶ ಬಂದ ಮೇಲೆ ನಾಳೆ ಬೆಳಗಿನ ನಿಮ್ಮ ಓಟದಲ್ಲಿ ಏನು ಬದಲಾಗುತ್ತದೆ? ಏನೂ ಬದಲಾಗುವುದಿಲ್ಲ ಅಂತಾದರೆ ಆ ಟೆಸ್ಟ್ ಎಷ್ಟೇ ದುಬಾರಿಯಾಗಿರಲಿ, ಎಷ್ಟೇ ವೈಜ್ಞಾನಿಕವಾಗಿರಲಿ, ನಿಮಗೆ ಬೇಡ. ಓಟಗಾರರಿಗೆ ಸಾಮಾನ್ಯವಾಗಿ ಮೂರು ವಿಷಯ ಗೊತ್ತಾಗಬೇಕಿರುತ್ತದೆ: ದಿನಾ ಯಾವ ವೇಗದಲ್ಲಿ ಓಡಬೇಕು, ಎರಡು ತಿಂಗಳ ಶ್ರಮಕ್ಕೆ ಏನಾದರೂ ಫಲ ಸಿಕ್ಕಿದೆಯಾ, ಓಡುವ ಶೈಲಿಯಿಂದ ಮೊಣಕಾಲಿಗೋ ಸೊಂಟಕ್ಕೋ ಪೆಟ್ಟು ಬೀಳುತ್ತಿದೆಯಾ. ಒಂದೇ ಟೆಸ್ಟ್ ಈ ಮೂರಕ್ಕೂ ಉತ್ತರ ಕೊಡುವುದಿಲ್ಲ.

ಆಸ್ಪತ್ರೆಯ ಟಿಎಂಟಿ ಬೇರೆ, ಓಟದ ಟೆಸ್ಟ್ ಬೇರೆ

ನಮ್ಮಲ್ಲಿ ತುಂಬಾ ಜನ ಇವೆರಡನ್ನು ಒಂದೇ ಅಂದುಕೊಂಡಿದ್ದಾರೆ. ಹೆಲ್ತ್ ಚೆಕಪ್‌ನಲ್ಲಿ ಮಾಡುವ ಟಿಎಂಟಿ ಹೃದಯದ ತಪಾಸಣೆ. ಸಾಮಾನ್ಯವಾಗಿ ಬಳಸುವ ಬ್ರೂಸ್ ಕ್ರಮದಲ್ಲಿ ಟ್ರೆಡ್‌ಮಿಲ್ ಗಂಟೆಗೆ 2.7 ಕಿ.ಮೀ. ವೇಗದಲ್ಲಿ, 10% ಏರಿನಲ್ಲಿ ಶುರುವಾಗುತ್ತದೆ. ಮೂರು ಮೂರು ನಿಮಿಷಕ್ಕೆ ವೇಗವೂ ಏರೂ ಹೆಚ್ಚುತ್ತವೆ. ಡಾಕ್ಟರ್ ನೋಡುವುದು ಇಸಿಜಿ ಗೆರೆಗಳನ್ನು ಮತ್ತು ಬಿಪಿಯನ್ನು. ಅದರಿಂದ ನಿಮ್ಮ ಟ್ರೇನಿಂಗ್ ವೇಗ ಲೆಕ್ಕ ಹಾಕಲು ಆಗುವುದಿಲ್ಲ.

ಹಾಗಂತ ಅದು ಬೇಡ ಅಂತಲ್ಲ. ನಲವತ್ತು ದಾಟಿದವರು, ಶುಗರ್ ಅಥವಾ ಬಿಪಿ ಇರುವವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಅಂಥವರು, ಓಡುವಾಗ ಎದೆ ಹಿಡಿದಂತಾಗುವವರು ಮೊದಲು ಡಾಕ್ಟರನ್ನು ಕಾಣಬೇಕು. ಕೆಳಗೆ ಹೇಳುವ ಹೆಚ್ಚಿನ ಟೆಸ್ಟ್‌ಗಳಲ್ಲಿ ಪೂರ್ತಿ ಶಕ್ತಿ ಹಾಕಿ ಓಡಬೇಕಾಗುತ್ತದೆ. ಪರವಾಗಿಲ್ಲ ಅಂತ ಡಾಕ್ಟರ್ ಹೇಳಿದ ಮೇಲೆಯೇ ಅದಕ್ಕೆ ಇಳಿಯಿರಿ.

ವಿಓ2 ಮ್ಯಾಕ್ಸ್: ಹೆಸರು ದೊಡ್ಡದು, ಉಪಯೋಗ ಕಡಿಮೆ

ದೇಹ ಒಂದು ನಿಮಿಷಕ್ಕೆ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವುದೇ ವಿಓ2 ಮ್ಯಾಕ್ಸ್. ಲ್ಯಾಬ್‌ನಲ್ಲಿ ಮೂಗು ಬಾಯಿ ಮುಚ್ಚುವ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಓಡಿಸುತ್ತಾರೆ. ವೇಗ ಏರುತ್ತಾ ಹೋಗಿ ಸಾಮಾನ್ಯವಾಗಿ 8ರಿಂದ 12 ನಿಮಿಷದೊಳಗೆ ಇನ್ನಾಗದು ಅನ್ನುವ ಹಂತ ಬರುತ್ತದೆ. ಸರಿಯಾಗಿ ಮಾಡಿದರೆ ಇದಕ್ಕಿಂತ ನಿಖರವಾದ ಅಳತೆ ಇನ್ನೊಂದಿಲ್ಲ.

ಆದರೆ ಆ ಅಂಕಿ ಹಿಡಿದುಕೊಂಡು ಮಂಗಳವಾರದ ಓಟದಲ್ಲಿ ಏನು ಮಾಡುತ್ತೀರಿ? ಬ್ರಿಟನ್ನಿನ ಪೌಲಾ ರಾಡ್‌ಕ್ಲಿಫ್ 2003ರಲ್ಲಿ ಲಂಡನ್ ಮ್ಯಾರಥಾನನ್ನು 2 ಗಂಟೆ 15 ನಿಮಿಷ 25 ಸೆಕೆಂಡಿನಲ್ಲಿ ಓಡಿ ಮಹಿಳೆಯರ ವಿಶ್ವದಾಖಲೆ ಮಾಡಿದರು. ಅವರನ್ನು ಹದಿಹರೆಯದಿಂದಲೇ ವರ್ಷಗಟ್ಟಲೆ ಪರೀಕ್ಷಿಸಿದ ವಿಜ್ಞಾನಿ ಆಂಡ್ರ್ಯೂ ಜೋನ್ಸ್. 1992ರಿಂದ 2003ರವರೆಗಿನ ಅವರ ಅಳತೆಗಳಲ್ಲಿ ರಾಡ್‌ಕ್ಲಿಫ್ ಅವರ ವಿಓ2 ಮ್ಯಾಕ್ಸ್ ಹೆಚ್ಚೂಕಡಿಮೆ 70ರ (ದೇಹದ ಪ್ರತಿ ಕಿಲೋ ತೂಕಕ್ಕೆ ನಿಮಿಷಕ್ಕೆ ಇಷ್ಟು ಮಿಲಿಲೀಟರ್ ಅಂತ ಲೆಕ್ಕ) ಆಸುಪಾಸಿನಲ್ಲೇ ಇತ್ತು. ಬದಲಾಗಿದ್ದು ಬೇರೆ ಸಂಗತಿ. ಅದೇ ವೇಗದಲ್ಲಿ ಓಡಲು ಬೇಕಾಗುವ ಆಮ್ಲಜನಕ ಸುಮಾರು 15% ಇಳಿದಿತ್ತು. ಇದನ್ನೇ ರನ್ನಿಂಗ್ ಎಕಾನಮಿ ಅನ್ನುತ್ತಾರೆ. ವಿಓ2 ಮ್ಯಾಕ್ಸ್ ಒಂದನ್ನೇ ನೋಡುತ್ತಾ ಕೂತಿದ್ದರೆ ಇಷ್ಟು ವರ್ಷದಲ್ಲಿ ಏನೂ ಸುಧಾರಿಸಲಿಲ್ಲ ಅಂತ ಅನಿಸುತ್ತಿತ್ತು, ಅಲ್ವಾ?

ಹಾಗಾಗಿ ಮೊದಲ ಸಲ ಟೆನ್‌ಕೆ ಓಡುವವರಿಗೆ, ಹಾಫ್ ಮ್ಯಾರಥಾನ್ ಓಡುವವರಿಗೆ ಬರೀ ವಿಓ2 ಮ್ಯಾಕ್ಸ್‌ಗಾಗಿ ಲ್ಯಾಬ್‌ಗೆ ಹೋಗಿ ಅಂತ ನಾನು ಹೇಳುವುದಿಲ್ಲ. ಅದೇ ಟೆಸ್ಟಿನ ಜೊತೆ ಥ್ರೆಶೋಲ್ಡ್ ಮತ್ತು ಎಕಾನಮಿಯನ್ನೂ ಅಳೆದು ಕೊಡುತ್ತಾರೆ ಅಂತಾದರೆ ಮಾತು ಬೇರೆ.

ಥ್ರೆಶೋಲ್ಡ್: ಕೆಲಸಕ್ಕೆ ಬರುವ ಅಂಕಿ

ಓಟದ ವೇಗ ಏರಿದಂತೆ, ಸ್ನಾಯುಗಳು ಶ್ರಮಪಟ್ಟಾಗ ಹುಟ್ಟುವ ಲ್ಯಾಕ್ಟೇಟ್ ಎಂಬ ವಸ್ತು ರಕ್ತದಲ್ಲಿ ಏರುತ್ತದೆ. ಒಂದು ವೇಗದವರೆಗೆ ದೇಹ ಅದನ್ನು ನಿಭಾಯಿಸುತ್ತದೆ. ಅದನ್ನು ದಾಟಿದರೆ ಲ್ಯಾಕ್ಟೇಟ್ ಒಟ್ಟಾಗುತ್ತಾ ಹೋಗುತ್ತದೆ, ಉಸಿರು ಕೆಡುತ್ತದೆ, ಸ್ವಲ್ಪ ಹೊತ್ತಿಗೆ ನಿಲ್ಲಲೇಬೇಕಾಗುತ್ತದೆ. ಆ ಗಡಿಯೇ ಥ್ರೆಶೋಲ್ಡ್. ಅದು ಗೊತ್ತಾದರೆ ನಿಧಾನದ ಓಟ ಎಷ್ಟು ನಿಧಾನ ಇರಬೇಕು, ಟೆಂಪೊ ಓಟ (ಗಡಿಯ ಹತ್ತಿರದ ವೇಗದಲ್ಲಿ ಒಂದೇ ಸಮನೆ ಓಡುವುದು) ಎಷ್ಟು ಜೋರಿರಬೇಕು ಎಂಬುದೂ ಗೊತ್ತಾಗುತ್ತದೆ. ಹವ್ಯಾಸಿ ಓಟಗಾರರಲ್ಲಿ ನಾನು ಹೆಚ್ಚಾಗಿ ಕಾಣುವ ತೊಂದರೆ ಒಂದೇ: ನಿಧಾನದ ದಿನ ಜೋರಾಗಿ ಓಡುತ್ತಾರೆ, ಜೋರಿನ ದಿನಕ್ಕೆ ಕಾಲಲ್ಲಿ ಶಕ್ತಿ ಉಳಿದಿರುವುದಿಲ್ಲ. ಅದನ್ನು ಸರಿಪಡಿಸುವ ಟೆಸ್ಟ್ ಇದು.

ಇದನ್ನು ಲ್ಯಾಬ್‌ನಲ್ಲೂ ತಿಳಿಯಬಹುದು, ಟ್ರ್ಯಾಕ್‌ನಲ್ಲೂ ತಿಳಿಯಬಹುದು.

ಲ್ಯಾಬ್‌ನಲ್ಲಿ ಮೂರರಿಂದ ಐದು ನಿಮಿಷದ ಹಂತಗಳಲ್ಲಿ ಓಡಿಸುತ್ತಾರೆ. ಪ್ರತಿ ಹಂತದ ಕೊನೆಗೆ ಬೆರಳಿನಿಂದಲೋ ಕಿವಿಯ ಹಾಲೆಯಿಂದಲೋ ಒಂದು ಹನಿ ರಕ್ತ ತೆಗೆಯುತ್ತಾರೆ. ತೆಗೆಯುವವರ ಕೈಯನ್ನು ಸ್ವಲ್ಪ ಗಮನಿಸಿ. ಬೆರಳನ್ನು ಮೊದಲು ಚೆನ್ನಾಗಿ ಒರೆಸಿ ಒಣಗಿಸಬೇಕು. ಚುಚ್ಚಿದ ಮೇಲೆ ಬರುವ ಮೊದಲ ಹನಿಯನ್ನು ಒರೆಸಿ ಬಿಸಾಡಬೇಕು. ಎರಡನೇ ಹನಿಯನ್ನು ಲ್ಯಾಕ್ಟೇಟ್ ಅಳೆಯುವ ಪಟ್ಟಿಗೆ ತಾಗಿಸಬೇಕು. ಬೆವರಿನಲ್ಲೂ ಲ್ಯಾಕ್ಟೇಟ್ ಇರುತ್ತದೆ, ಅದೂ ಜಾಸ್ತಿಯೇ. ಒಂದು ತೊಟ್ಟು ಬೆವರು ಸೇರಿದರೂ ಅಂಕಿ ಸುಳ್ಳಾಗುತ್ತದೆ. ಈ ಕೆಲಸವನ್ನು ಗಡಿಬಿಡಿಯಲ್ಲಿ ಮಾಡುವ ಕಡೆ ದುಡ್ಡು ಕೊಟ್ಟು ಪ್ರಯೋಜನವಿಲ್ಲ.

ಫಲಿತಾಂಶ ಓದುವಾಗಲೂ ಒಂದು ಎಚ್ಚರ ಬೇಕು. ಒಂದು ಲೀಟರ್ ರಕ್ತದಲ್ಲಿ 4 ಮಿಲಿಮೋಲ್ ಲ್ಯಾಕ್ಟೇಟ್ ಅಂದರೆ ಥ್ರೆಶೋಲ್ಡ್ ಅನ್ನುವುದು ಹಳೆಯ ವಾಡಿಕೆ. ನಿಜವಾದ ಗಡಿ ಒಬ್ಬೊಬ್ಬರಿಗೆ ಒಂದೊಂದು ಕಡೆ ಇರುತ್ತದೆ. ಕೆಲವರಿಗೆ 3ರಲ್ಲೇ, ಕೆಲವರಿಗೆ 5ರ ಮೇಲೆ. ರಿಪೋರ್ಟಿನಲ್ಲಿ ಬರೀ 4ರ ಗೆರೆ ಎಳೆದು ಕೊಟ್ಟರೆ ಪೂರ್ತಿ ಗ್ರಾಫ್ ಕೇಳಿ ಪಡೆಯಿರಿ, ಪ್ರತಿ ಹಂತದ ವೇಗ ಮತ್ತು ಎದೆಬಡಿತದ ಸಮೇತ. ಮುಂದಿನ ಸಲ ಮಾಡಿಸಿದಾಗ ಹೋಲಿಸಿ ನೋಡಲು ಅದೇ ಬೇಕಾಗುವುದು.

ಈಗ ಟ್ರ್ಯಾಕಿನ ದಾರಿ. ಇದಕ್ಕೆ ಖರ್ಚು ಕಡಿಮೆ, ಮತ್ತೆ ಮತ್ತೆ ಮಾಡಬಹುದು. ಅಮೆರಿಕದ ಕೋಚ್ ಜೋ ಫ್ರೀಲ್ ಜನಪ್ರಿಯಗೊಳಿಸಿದ 30 ನಿಮಿಷದ ಓಟ ನನಗೆ ಎಲ್ಲಕ್ಕಿಂತ ಇಷ್ಟ. ಒಬ್ಬರೇ ಓಡಬೇಕು. ವಾರ್ಮಪ್ ಆದ ಮೇಲೆ 30 ನಿಮಿಷ ಒಂದೇ ಸಮನೆ, ಕೊನೆವರೆಗೂ ಎಳೆಯಬಲ್ಲ ಅತಿ ಹೆಚ್ಚಿನ ವೇಗದಲ್ಲಿ ಓಡಿ. ಹತ್ತನೇ ನಿಮಿಷಕ್ಕೆ ವಾಚ್‌ನ ಲ್ಯಾಪ್ ಬಟನ್ ಒತ್ತಿ. ಕೊನೆಯ 20 ನಿಮಿಷದ ಸರಾಸರಿ ಎದೆಬಡಿತ ನಿಮ್ಮ ಥ್ರೆಶೋಲ್ಡ್‌ಗೆ ಹತ್ತಿರವಾದ ಅಂಕಿ.

ಉದಾಹರಣೆಗೆ ಅದು 172 ಬಂತು ಅಂದುಕೊಳ್ಳಿ. ಫ್ರೀಲ್ ಲೆಕ್ಕದಲ್ಲಿ ಅದರ 85%ರಿಂದ 89% ಅಂದರೆ ದಿನನಿತ್ಯದ ಆರಾಮದ ಓಟ. 172ಕ್ಕೆ ಅದು 146ರಿಂದ 153. ಹಾಗಾದರೆ ನಾಳೆ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ ಗೆಳೆಯರ ಜೊತೆ ಓಡುವಾಗ ವಾಚ್ 160 ತೋರಿಸಿದರೆ ನಿಧಾನ ಮಾಡಬೇಕು. ಟೆಸ್ಟ್‌ನಿಂದ ಓಟ ಬದಲಾಗಬೇಕು ಅಂದಿದ್ದು ಇದನ್ನೇ.

ವಯಸ್ಸಿನಿಂದ ಲೆಕ್ಕ ಹಾಕುವ 220 ಸೂತ್ರ ಇದ್ದೇ ಇದೆಯಲ್ಲ ಅನ್ನಬಹುದು. 220ರಿಂದ ವಯಸ್ಸು ಕಳೆದರೆ ಬರುವುದು ಜನಸಮೂಹದ ಗರಿಷ್ಠ ಎದೆಬಡಿತದ ಸರಾಸರಿ. ಒಬ್ಬ ವ್ಯಕ್ತಿಗೆ ಅದು ಹತ್ತು ಹನ್ನೆರಡು ಬಡಿತ ಆಚೆ ಈಚೆ ಇರುವುದು ತೀರಾ ಮಾಮೂಲು. ಅದರ ಮೇಲೆ ಝೋನ್, ಅಂದರೆ ಯಾವ ಓಟಕ್ಕೆ ಎಷ್ಟು ಎದೆಬಡಿತ ಅನ್ನುವ ಹಂತಗಳನ್ನು ಕಟ್ಟಿದರೆ ಬುಡವೇ ಅಲುಗುತ್ತಿರುತ್ತದೆ.

ಎದೆಬಡಿತ ನೋಡಲು ಎದೆಗೆ ಕಟ್ಟುವ ಪಟ್ಟಿ ಬಳಸಿ. ಮಣಿಕಟ್ಟಿನ ಸೆನ್ಸರ್ ಕೆಲವೊಮ್ಮೆ ಹೆಜ್ಜೆಯ ಲಯವನ್ನೇ ಎದೆಬಡಿತ ಅಂತ ಹಿಡಿದುಬಿಡುತ್ತದೆ. ಆರಾಮಾಗಿ ಓಡುತ್ತಿದ್ದರೂ 170 ತೋರಿಸುತ್ತಿದೆ, ನಿಮ್ಮ ಹೆಜ್ಜೆಯೂ ನಿಮಿಷಕ್ಕೆ 170 ಇದೆ ಅಂದರೆ ಅನುಮಾನಪಡಿ.

ಹಾರ್ಟ್ ರೇಟ್ ಪಟ್ಟಿಯೇ ಇಲ್ಲ ಅನ್ನುವವರಿಗೆ ಇನ್ನೊಂದು ದಾರಿ ಇದೆ, ಕ್ರಿಟಿಕಲ್ ಸ್ಪೀಡ್. ಒಂದು ಸ್ಟಾಪ್‌ವಾಚ್ ಮತ್ತು 400 ಮೀಟರ್ ಟ್ರ್ಯಾಕ್ ಸಾಕು. ಒಂದು ದಿನ 1200 ಮೀಟರ್ ಜೋರಾಗಿ ಓಡಿ. ಎರಡು ದಿನ ಬಿಟ್ಟು 3600 ಮೀಟರ್ ಓಡಿ. ಮೊದಲನೆಯದಕ್ಕೆ 5 ನಿಮಿಷ, ಎರಡನೆಯದಕ್ಕೆ 16 ನಿಮಿಷ 40 ಸೆಕೆಂಡ್ ಹಿಡಿಯಿತು ಅಂತಿಟ್ಟುಕೊಳ್ಳೋಣ. ದೂರದ ವ್ಯತ್ಯಾಸ 2400 ಮೀಟರ್, ಸಮಯದ ವ್ಯತ್ಯಾಸ 700 ಸೆಕೆಂಡ್. ಭಾಗಿಸಿದರೆ ಸೆಕೆಂಡಿಗೆ 3.43 ಮೀಟರ್, ಅಂದರೆ ಕಿಲೋಮೀಟರಿಗೆ ಸುಮಾರು 4 ನಿಮಿಷ 52 ಸೆಕೆಂಡ್. ಇದು ನಿಮ್ಮ ಗಡಿಯ ವೇಗ. ಇದಕ್ಕಿಂತ ಜೋರಾದ ಓಟ ಹೆಚ್ಚು ಹೊತ್ತು ನಡೆಯುವುದಿಲ್ಲ. ಮೈಸೂರು, ಮಂಗಳೂರಿನಂಥ ಊರುಗಳಲ್ಲಿ ಸಿಂಥೆಟಿಕ್ ಟ್ರ್ಯಾಕ್ ಇದೆ. ಟ್ರ್ಯಾಕ್ ಇಲ್ಲದ ಕಡೆ ಅಳತೆ ಗೊತ್ತಿರುವ ಸಮತಟ್ಟಾದ ರಸ್ತೆಯೂ ನಡೆಯುತ್ತದೆ.

ಕೂಪರ್ ಟೆಸ್ಟ್ ಮತ್ತು ಯೋ-ಯೋ

12 ನಿಮಿಷದಲ್ಲಿ ಎಷ್ಟು ದೂರ ಓಡುತ್ತೀರಿ? ಅಮೆರಿಕದ ವಾಯುಪಡೆಯ ವೈದ್ಯ ಕೆನೆತ್ ಕೂಪರ್ 1968ರಲ್ಲಿ ಪ್ರಕಟಿಸಿದ ಟೆಸ್ಟ್ ಇಷ್ಟೇ. ಓಡಿದ ಮೀಟರಿನಿಂದ 504.9 ಕಳೆದು 44.73ರಿಂದ ಭಾಗಿಸಿದರೆ ವಿಓ2 ಮ್ಯಾಕ್ಸ್‌ನ ಅಂದಾಜು ಸಿಗುತ್ತದೆ. 2400 ಮೀಟರ್, ಅಂದರೆ ಸರಿಯಾಗಿ ಆರು ಸುತ್ತು ಓಡಿದರೆ 42ರ ಮೇಲೆ ಸ್ವಲ್ಪ.

ಒಂದು ಗುಂಪಿನ ಐವತ್ತು ಜನರನ್ನು ಒಂದೇ ಬೆಳಿಗ್ಗೆ ಪರೀಕ್ಷಿಸಲು ಇದಕ್ಕಿಂತ ಸುಲಭದ್ದು ಇಲ್ಲ. ಶಾಲೆ ಕಾಲೇಜಿನ ಪಿಟಿ ಮೇಷ್ಟ್ರುಗಳಿಗೆ, ಪೊಲೀಸ್ ನೇಮಕಾತಿಗೆ ತಯಾರಾಗುವ ಹುಡುಗರಿಗೆ ಇದು ಒಳ್ಳೆಯದು. ಇದರ ದೌರ್ಬಲ್ಯ ಮೊದಲ ಎರಡು ಸುತ್ತಿನಲ್ಲಿದೆ. ಹುರುಪಿನಲ್ಲಿ ಜೋರಾಗಿ ಹೊರಟು ಎಂಟನೇ ನಿಮಿಷಕ್ಕೆ ನಡೆಯಲು ಶುರು ಮಾಡಿದರೆ ಫಲಿತಾಂಶ ಫಿಟ್‌ನೆಸ್ ಬಗ್ಗೆ ಏನೂ ಹೇಳುವುದಿಲ್ಲ. ಸೂತ್ರದಲ್ಲಿ 100 ಮೀಟರ್ ಅಂದರೆ ಎರಡು ಅಂಕಕ್ಕಿಂತ ಜಾಸ್ತಿ. ಹಾಗಾಗಿ ಮೊದಲ ಪ್ರಯತ್ನವನ್ನು ಅಭ್ಯಾಸ ಅಂತ ಬಿಟ್ಟು, ಎರಡನೆಯದನ್ನು ಲೆಕ್ಕಕ್ಕೆ ಹಿಡಿಯಿರಿ.

ಭಾರತ ಕ್ರಿಕೆಟ್ ತಂಡದಿಂದಾಗಿ ಯೋ-ಯೋ ಟೆಸ್ಟ್ ಹೆಸರು ಎಲ್ಲರಿಗೂ ಗೊತ್ತು. 20 ಮೀಟರ್ ಓಡಿ, ತಿರುಗಿ, ಮತ್ತೆ ಓಡುವ ಆಟಗಾರರಿಗೆ ಅದು ಸರಿ. ನೇರ ದಾರಿಯಲ್ಲಿ ಓಡುವವರಿಗೆ ಅದರಿಂದ ಲಾಭವಿಲ್ಲ.

ಖರ್ಚೇ ಇಲ್ಲದ ಟೆಸ್ಟ್

ಹೊಸದಾಗಿ ಓಡಲು ಶುರು ಮಾಡಿದವರಿಗೆ ಮೇಲಿನ ಯಾವುದೂ ಬೇಡ. ಅವರಿಗೆ ಮಾತಿನ ಟೆಸ್ಟ್ ಸಾಕು. ಓಡುತ್ತಾ ಎಂಟರ ಮಗ್ಗಿ ಹೇಳಿ. ಎಂಟೊಂದ್ಲೆ ಎಂಟು, ಎಂಟೆರಡ್ಲೆ ಹದಿನಾರು ಅಂತ ಎರಡು ಮೂರು ಸಾಲು ಒಂದೇ ಉಸಿರಿಗೆ ಬಂದರೆ ಆರಾಮದ ಓಟ. ಒಂದೊಂದು ಸಾಲಿಗೂ ಉಸಿರು ಎಳೆಯಬೇಕಾದರೆ ಗಡಿ ಹತ್ತಿರ ಬಂತು. ಎಂಟು ಅನ್ನುವಷ್ಟರಲ್ಲೇ ಮಾತು ನಿಂತರೆ ಗಡಿ ದಾಟಿದ್ದೀರಿ. ಸುಮ್ನೆ ಹೇಳುವ ಮಾತಲ್ಲ ಇದು, ಉಸಿರಾಟ ಬದಲಾಗುವ ಹಂತ ಮತ್ತು ಮಾತು ತಡವರಿಸುವ ಹಂತ ಒಂದಕ್ಕೊಂದು ಹತ್ತಿರ ಇರುತ್ತವೆ ಅಂತ ಅಧ್ಯಯನಗಳೇ ತೋರಿಸಿವೆ.

ವಾಚ್ ಹೇಳುವ ವಿಓ2 ಮ್ಯಾಕ್ಸ್

ವಾಚ್ ಆಮ್ಲಜನಕ ಅಳೆಯುವುದಿಲ್ಲ. ನಿಮ್ಮ ವೇಗ ಮತ್ತು ಎದೆಬಡಿತ ನೋಡಿ ಅಂದಾಜು ಮಾಡುತ್ತದೆ. ಈ ಲೆಕ್ಕಾಚಾರಕ್ಕೆ ಹೆಸರಾದ ಫಿನ್ಲೆಂಡಿನ ಫಸ್ಟ್‌ಬೀಟ್ ಕಂಪನಿಯ ಆ ವಿಭಾಗವನ್ನು ಗಾರ್ಮಿನ್ 2020ರಲ್ಲಿ ಕೊಂಡುಕೊಂಡಿತು. ವಾಚ್‌ನಲ್ಲಿ ಗರಿಷ್ಠ ಎದೆಬಡಿತ ತಪ್ಪಾಗಿದ್ದರೆ ಅಂದಾಜೂ ತಪ್ಪು. ಸೆಕೆಯ ದಿನ ಓಡಿದರೆ ಅಂಕಿ ಇಳಿಯಬಹುದು. ತಿಂಗಳುಗಟ್ಟಲೆ ನೋಡಿದಾಗ ಗೆರೆ ಮೇಲಕ್ಕೆ ಹೋಗುತ್ತಿದೆಯಾ ಅನ್ನುವುದನ್ನು ಮಾತ್ರ ಗಮನಿಸಿ. ನಿಮ್ಮ 45, ಗೆಳೆಯನ 49 ಅಂತ ಹೋಲಿಸಬೇಡಿ.

ಓಡುವ ಶೈಲಿಯ ಟೆಸ್ಟ್: ಏನು ನೋಡಬೇಕು, ಏನು ಬಿಡಬೇಕು

ಇಲ್ಲಿ ಗೊಂದಲ ಇನ್ನೂ ಜಾಸ್ತಿ. ಹಿಮ್ಮಡಿ ಮೊದಲು ನೆಲಕ್ಕೆ ತಾಗುವುದು ತಪ್ಪು, ಮುಂಗಾಲಿನ ಮೇಲೆ ಇಳಿಯಬೇಕು ಅಂತ ಯಾರೋ ಹೇಳುತ್ತಾರೆ. ಜನ ಒಂದೇ ವಾರದಲ್ಲಿ ಬದಲಾಯಿಸಲು ಹೋಗಿ ಮೀನಖಂಡ ನೋಯಿಸಿಕೊಳ್ಳುತ್ತಾರೆ. ಜಪಾನಿನ ಸಪೊರೊದಲ್ಲಿ 2004ರಲ್ಲಿ ನಡೆದ ಹಾಫ್ ಮ್ಯಾರಥಾನ್‌ನ 15 ಕಿ.ಮೀ. ಜಾಗದಲ್ಲಿ ಸಂಶೋಧಕರು ಕ್ಯಾಮೆರಾ ಇಟ್ಟು ನೋಡಿದರು. ಒಳ್ಳೊಳ್ಳೆಯ ಓಟಗಾರರಲ್ಲೇ ಮುಕ್ಕಾಲು ಪಾಲು ಜನ ಹಿಮ್ಮಡಿ ಊರಿಯೇ ಓಡುತ್ತಿದ್ದರು. ನೋವಿಲ್ಲದಿದ್ದರೆ ಅದನ್ನು ಮುಟ್ಟಲು ಹೋಗಬೇಡಿ.

ಪಾದದ ಯಾವ ಭಾಗ ಮೊದಲು ತಾಗುತ್ತದೆ ಅನ್ನುವುದಕ್ಕಿಂತ ಎಲ್ಲಿ ತಾಗುತ್ತದೆ ಅನ್ನುವುದು ಮುಖ್ಯ. ಅದನ್ನು ಮೊಬೈಲಿನಲ್ಲೇ ನೋಡಬಹುದು. ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಫ್ರೇಮ್ ಇಡಿ. ಮೊಬೈಲನ್ನು ಸೊಂಟದ ಎತ್ತರದಲ್ಲಿ, ಓಟದ ದಾರಿಗೆ ಅಡ್ಡವಾಗಿ, ಐದಾರು ಮೀಟರ್ ದೂರದಲ್ಲಿ ನಿಲ್ಲಿಸಿ. ಅದರ ಮುಂದೆ ನಿಮ್ಮ ಮಾಮೂಲು ವೇಗದಲ್ಲಿ ಹಾದುಹೋಗಿ. ಹತ್ತು ಹದಿನೈದು ನಿಮಿಷ ಓಡಿದ ಮೇಲೆ ತೆಗೆಯಿರಿ, ಸುಸ್ತಾದ ಮೇಲೆ ಇನ್ನೊಂದು ಸಲ ತೆಗೆಯಿರಿ. ಆಮೇಲೆ ಪಾದ ನೆಲಕ್ಕೆ ತಾಗಿದ ಫ್ರೇಮಿನಲ್ಲಿ ನಿಲ್ಲಿಸಿ ಮೊಣಕಾಲಿನಿಂದ ಕೆಳಗೆ ನೇರ ಗೆರೆ ಎಳೆದಂತೆ ಊಹಿಸಿ. ಪಾದ ಆ ಗೆರೆಯ ಹತ್ತಿರವೇ ಇದ್ದರೆ ಚೆನ್ನ. ಕಾಲು ನೆಟ್ಟಗೆ ಚಾಚಿಕೊಂಡು ಪಾದ ಗೆರೆಯಿಂದ ಬಹಳ ಮುಂದೆ ಬಿದ್ದಿದ್ದರೆ ಹೆಜ್ಜೆ ಉದ್ದವಾಗಿದೆ ಅಂತ ಅರ್ಥ. ಆಗ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದ ಹಾಗೆ.

ಪರಿಹಾರಕ್ಕೆ ಹೆಜ್ಜೆ ಎಣಿಸಿ. 30 ಸೆಕೆಂಡಿನಲ್ಲಿ ಬಲಗಾಲು ಎಷ್ಟು ಸಲ ನೆಲಕ್ಕೆ ಬಿತ್ತು ಅಂತ ಎಣಿಸಿ ನಾಲ್ಕರಿಂದ ಗುಣಿಸಿ. 40 ಬಂದರೆ ನಿಮಿಷಕ್ಕೆ 160. ಎಲ್ಲರೂ 180ಕ್ಕೆ ಹೋಗಬೇಕು ಅನ್ನುವ ಮಾತು ಹುಟ್ಟಿದ್ದು ಕೋಚ್ ಜ್ಯಾಕ್ ಡೇನಿಯಲ್ಸ್ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಓಟಗಾರರ ಹೆಜ್ಜೆ ಎಣಿಸಿದ್ದರಿಂದ. ಅವರು ಜಗತ್ತಿನ ಅತಿ ವೇಗದ ಓಟಗಾರರು, ಓಡುತ್ತಿದ್ದದ್ದು ಸ್ಪರ್ಧೆಯಲ್ಲಿ. ಕಿಲೋಮೀಟರಿಗೆ ಏಳು ನಿಮಿಷದಲ್ಲಿ ಓಡುವವರಿಗೆ ಅದೇ ಅಂಕಿ ಹೇರುವುದು ಸರಿಯಲ್ಲ. ನಿಮ್ಮದೇ ಅಂಕಿಯ ಮೇಲೆ 5% ಹೆಚ್ಚಿಸಿ ನೋಡಿ. 160 ಇದ್ದರೆ 168. ಹೆಜ್ಜೆಯ ಗತಿ 5ರಿಂದ 10% ಹೆಚ್ಚಿದರೆ ಮೊಣಕಾಲು ಮತ್ತು ಸೊಂಟದ ಮೇಲಿನ ಹೊರೆ ಇಳಿಯುತ್ತದೆ ಎಂದು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ವಾರಕ್ಕೆ ಎರಡು ಓಟದಲ್ಲಿ, ಒಂದೇ ಲಯದಲ್ಲಿ ಟಿಕ್ ಟಿಕ್ ಅನ್ನುವ ಮೆಟ್ರೊನೋಮ್ ಆ್ಯಪ್ ಹಾಕಿಕೊಂಡು ಕೆಲವು ನಿಮಿಷ ಮಾತ್ರ ಅಭ್ಯಾಸ ಮಾಡಿ. ಎರಡು ತಿಂಗಳು ಬಿಟ್ಟು ಅದೇ ಜಾಗದಲ್ಲಿ ಮತ್ತೆ ವಿಡಿಯೊ ತೆಗೆಯಿರಿ.

ಶೂ ಅಂಗಡಿಯ ಟ್ರೆಡ್‌ಮಿಲ್ ಟೆಸ್ಟ್ ಬಗ್ಗೆ ಒಂದು ಮಾತು. ಪಾದ ಒಳಗೆ ವಾಲುತ್ತದೆ, ಅದಕ್ಕೆ ಈ ಶೂ ಬೇಕು ಅನ್ನುತ್ತಾರೆ. ಅಮೆರಿಕದ ಸೇನೆ, ವಾಯುಪಡೆ ಮತ್ತು ಮರೀನ್ ಪಡೆಯ ಹೊಸ ಸೈನಿಕರಿಗೆ ಪಾದದ ಆಕಾರ ನೋಡಿ ಶೂ ಕೊಟ್ಟು ಅಧ್ಯಯನ ಮಾಡಿದಾಗ ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಕಿಕೊಂಡು ಓಡಿದಾಗ ಹಾಯೆನಿಸುವ ಶೂ ತಗೊಳ್ಳಿ.

ಪದೇ ಪದೇ ಅದೇ ಜಾಗ ನೋಯುತ್ತಿದೆ, ವಿಡಿಯೊದಲ್ಲಿ ಕಾರಣ ಕಾಣುತ್ತಿಲ್ಲ ಅನ್ನುವವರು ಮಾತ್ರ ಓಟಗಾರರನ್ನು ನೋಡಿ ಅನುಭವ ಇರುವ ಫಿಸಿಯೊ ಹತ್ತಿರ ಪೂರ್ತಿ ಗೇಟ್ ಅನಾಲಿಸಿಸ್ (ಓಡುವ ಶೈಲಿಯ ಪರೀಕ್ಷೆ) ಮಾಡಿಸಿ. ಅಲ್ಲಿ ಕ್ಯಾಮೆರಾಗಿಂತ ಕೈಯಿಂದ ಮಾಡುವ ಪರೀಕ್ಷೆಯೇ ಹೆಚ್ಚು ಹೇಳುತ್ತದೆ: ಒಂಟಿ ಕಾಲಿನಲ್ಲಿ ಹಿಮ್ಮಡಿ ಎತ್ತಲು ಎಡಕ್ಕೆ ಎಷ್ಟು ಸಲ ಆಗುತ್ತದೆ, ಬಲಕ್ಕೆ ಎಷ್ಟು, ಒಂಟಿ ಕಾಲಿನಲ್ಲಿ ಬಗ್ಗಿದರೆ ಸೊಂಟ ಯಾವ ಕಡೆ ಕುಸಿಯುತ್ತದೆ.

ಯಾರಿಗೆ ಯಾವುದು

ಓಡಲು ಶುರು ಮಾಡಿ ಆರು ತಿಂಗಳೂ ಆಗಿಲ್ಲ ಅಂದರೆ ಮಾತಿನ ಟೆಸ್ಟ್ ಮತ್ತು ಒಂದು ಮೊಬೈಲ್ ವಿಡಿಯೊ. ಒಂದೆರಡು ಟೆನ್‌ಕೆ ಓಡಿ ಈಗ ಸಮಯ ಇಳಿಸಬೇಕು ಅನ್ನುವವರಿಗೆ 30 ನಿಮಿಷದ ಟೆಸ್ಟ್, ಎದೆಪಟ್ಟಿಯ ಸಮೇತ. ನಾಲ್ಕು ಗಂಟೆಯೊಳಗೆ ಮ್ಯಾರಥಾನ್ ಮುಗಿಸಬೇಕು, ವಾರಕ್ಕೆ ನಾಲ್ಕೈದು ದಿನ ಓಡುತ್ತೇನೆ, ಕೋಚ್ ಇದ್ದಾರೆ ಅನ್ನುವವರು ಲ್ಯಾಕ್ಟೇಟ್ ಟೆಸ್ಟ್‌ಗೆ ಖರ್ಚು ಮಾಡಬಹುದು. ಆದರೆ ತಯಾರಿಯ ಶುರುವಿನಲ್ಲಿ ಒಮ್ಮೆ, ನಡುವೆ ಒಮ್ಮೆ ಎರಡಕ್ಕೂ ದುಡ್ಡು ಇದ್ದರೆ ಮಾತ್ರ. ಒಂದೇ ಸಲ ಮಾಡಿಸಿ ಫೈಲಿಗೆ ಹಾಕುವುದಕ್ಕಿಂತ ಟ್ರ್ಯಾಕ್ ಟೆಸ್ಟನ್ನು ನಾಲ್ಕು ಸಲ ಮಾಡುವುದು ಎಷ್ಟೋ ಮೇಲು. ದಸರಾ ಕ್ರೀಡಾಕೂಟದಲ್ಲಿ 1500 ಮೀಟರ್ ಓಡಲು ಹೊರಟ ಹುಡುಗ ಹುಡುಗಿಯರಿಗೆ ಕ್ರಿಟಿಕಲ್ ಸ್ಪೀಡ್ ಚೆನ್ನಾಗಿ ಹೊಂದುತ್ತದೆ, ಯಾಕೆಂದರೆ ಅವರ ಕೈಯಲ್ಲಿ ಸ್ಟಾಪ್‌ವಾಚ್ ಬಿಟ್ಟು ಬೇರೇನೂ ಇರುವುದಿಲ್ಲ.

ಯಾವುದನ್ನೇ ಆರಿಸಿ, ಪ್ರತಿ ಸಲ ಒಂದೇ ರೀತಿ ಮಾಡಿ. ಅದೇ ಟ್ರ್ಯಾಕ್, ಅದೇ ಹೊತ್ತು, ಅದೇ ಶೂ, ಅಷ್ಟೇ ಕಾಫಿ. ಒಳಗಿನ ಮೊದಲ ಲೇನಿನಲ್ಲೇ ಓಡಿ. ಎಂಟನೇ ಲೇನಿನಲ್ಲಿ ಒಂದು ಸುತ್ತಿಗೆ 50 ಮೀಟರಿಗಿಂತ ಹೆಚ್ಚು ದೂರ ಸೇರಿಕೊಳ್ಳುತ್ತದೆ. ಟ್ರ್ಯಾಕಿನ ತಿರುವುಗಳಲ್ಲಿ ಜಿಪಿಎಸ್ ದೂರ ತಪ್ಪಾಗಿ ತೋರಿಸುತ್ತದೆ, ಸುತ್ತು ಎಣಿಸುವುದೇ ಸರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಬಂದ ಫಲಿತಾಂಶವನ್ನು ಮಂಗಳೂರಿನ ಮೇ ತಿಂಗಳ ಸೆಕೆಯಲ್ಲಿ ಬಂದದ್ದರ ಜೊತೆ ಹೋಲಿಸಬೇಡಿ. ಟೆಸ್ಟಿನ ಹಿಂದಿನ ಎರಡು ದಿನ ಭಾರೀ ಓಟ ಬೇಡ. ನಿದ್ದೆ ಕೆಟ್ಟಿದ್ದರೆ, ನೆಗಡಿ ಜ್ವರ ಇದ್ದರೆ ಮುಂದೂಡಿ.

ಏಪ್ರಿಲ್ ಕೊನೆಯ ಟೆನ್‌ಕೆಗೆ ಲೆಕ್ಕ ಹಾಕಿದರೆ ಮೊದಲ ಟೆಸ್ಟ್ ಜನವರಿ ಎರಡನೇ ವಾರ, ಎರಡನೆಯದು ಮಾರ್ಚ್ ಮೊದಲ ವಾರ. ಎರಡನೇ ಸಲ ಅದೇ ಎದೆಬಡಿತಕ್ಕೆ ದೂರ ಜಾಸ್ತಿ ಬಂದಿದ್ದರೆ ಟೆಂಪೊ ಓಟದ ವೇಗವನ್ನು ಅಷ್ಟರಮಟ್ಟಿಗೆ ಏರಿಸಿ. ದೂರ ಅಷ್ಟೇ ಇದ್ದರೆ ವೇಗ ಏರಿಸಬೇಡಿ, ನಿಧಾನದ ಓಟಗಳು ನಿಜವಾಗಿ ನಿಧಾನ ಇದ್ದವಾ ಅಂತ ವಾಚ್‌ನ ದಾಖಲೆ ತೆಗೆದು ನೋಡಿ. ಓಟಕ್ಕೆ ಹತ್ತು ದಿನ ಇರುವಾಗಿನಿಂದ ಯಾವ ಟೆಸ್ಟೂ ಬೇಡ.